ಇಂಜಿನ್ ಒಳಗೆ, ಕಾರು ಹೊರಗೆ

ವಿಲಾ ರಿಯಲ್, ಜನವರಿ ೧೬

ಮಾನ್ಯ ಅಡೆರಿಟೊ ಮೊರಾಂವ್ ಅವರಿಗೆ,

ಮೊನ್ನೆ ಭಾನುವಾರ ತಾವು ನನ್ನ ಎದುರಿಗೇ ಕೂತು ಆಡಿನ ಮರಿಯ ಹುರಿದ ತೊಡೆಯನ್ನು ಎರಡನೆಯ ಸಲ ಬಡಿಸಿಕೊಂಡದ್ದನ್ನು ಕಂಡು, ತಾವು ಕ್ಷೇಮವಾಗಿದ್ದೀರೆಂದು ತಿಳಿಯಿತು. ಮೇಜಿನ ಈಚೆಯಿಂದಲೇ ಹೇಳಬಹುದಾಗಿದ್ದ ಮಾತನ್ನು ಅಂಚೆಗೆ ಹಾಕುತ್ತಿರುವುದಕ್ಕೆ ಕಾರಣ ತಮಗೆ ಗೊತ್ತಿದೆ. ಎಪ್ಪತ್ಮೂರನೆಯ ಇಸವಿಯ ಓಟದ ಸಂಜೆಯಿಂದ ನಾನು ತಮ್ಮೊಡನೆ ಮಾತಾಡುವುದಿಲ್ಲ. ತಾವು ನನ್ನ ತಂಗಿಯ ಗಂಡನಾದರೂ ಇಲ್ಲ; ಆದ್ದರಿಂದಲೇ ಇಲ್ಲ ಎಂದರೂ ಸರಿಯೇ.

ವಿಷಯ ಇಷ್ಟು. ಜುಲೈ ತಿಂಗಳ ಬೀದಿ ಓಟಕ್ಕೆ ಈ ಸಲ ಸ್ಪೋರ್ಟ್ಸ್ ಕಾರುಗಳು ಬರುತ್ತಿವೆ. ಭಾನುವಾರ ದೊಡ್ಡ ಓಟಕ್ಕೆ ಮುಂಚೆ, ಹಿಂದೆ ನಮ್ಮೂರ ಬೀದಿಗಳಲ್ಲಿ ಓಡಿದ ಹಳೆಯ ಕಾರುಗಳಿಗೆಲ್ಲ ಒಂದು ಗೌರವದ ಸುತ್ತು. ಓಟದ ಸಮಿತಿಯಿಂದ ನನಗೂ ಆಮಂತ್ರಣ ಬಂದಿದೆ: ನಮ್ಮ ಕಾರು ‘ಅಂಬರಗುಬ್ಬಿ’ಯೊಂದಿಗೆ ಬರಬೇಕಂತೆ. ಕಾರು ಕಟ್ಟಿದವರೆಂದು ತಮ್ಮ ಹೆಸರನ್ನೂ ಹಾಕಿದ್ದಾರೆ. ಅದು ಅವರ ದೊಡ್ಡತನ.

ಆದರೆ ಅಂಬರಗುಬ್ಬಿ ಎಲ್ಲಿದೆ? ನಮ್ಮ ಜಗಳದ ಮಾರನೆಯ ದಿನ ನಮ್ಮಮ್ಮ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ, ಗದ್ದೆ ಪಾಲು ಮಾಡಿದ ಹಾಗೆ ಕಾರನ್ನು ಪಾಲು ಮಾಡಿದಳು. “ಓಡ್ಸೋನಿಗೆ ಮೈ, ರಿಪೇರಿಯವನಿಗೆ ಇಂಜಿನ್ನು. ಇನ್ಮೇಲೆ ಈ ಮನೇಲಿ ಕಾರಿನ ಮಾತೆತ್ತಿದ್ರೆ ಇಬ್ರಿಗೂ ಸೌಟಲ್ಲಿ ಬೀಳುತ್ತೆ ನೋಡಿ” ಎಂದಳು. ಅದರಂತೆ ಮೈ, ಚಕ್ರ, ಸ್ಟೀರಿಂಗ್ ನನ್ನ ಕೊಟ್ಟಿಗೆಯಲ್ಲಿವೆ. ಅವುಗಳೊಳಗೆ ಕೋಳಿಗಳೂ ಇವೆ, ಅದು ಬೇರೆ ವಿಷಯ. ಇಂಜಿನ್ ತಮ್ಮಲ್ಲಿದೆ. ಅದನ್ನು ಜುಲೈ ಮಟ್ಟಿಗೆ ಕಳಿಸಿಕೊಡಬೇಕೆಂದು ವಿನಂತಿ.

ಇತಿ, ತಮ್ಮ ಹೆಂಡತಿಯ ಅಣ್ಣ (ಅದರಲ್ಲಿ ನನ್ನ ತಪ್ಪೇನೂ ಇಲ್ಲ),
ಫಿರ್ಮಿನೊ ತವೇರಾ


ವಿಲಾ ರಿಯಲ್, ಜನವರಿ ೨೩

ಮಾನ್ಯ ಫಿರ್ಮಿನೊ ತವೇರಾ ಅವರಿಗೆ,

ತಮ್ಮ ಪತ್ರ ತಲುಪಿತು. ಆಡಿನ ತೊಡೆಯನ್ನು ನಾನು ಎರಡನೆಯ ಸಲ ಬಡಿಸಿಕೊಂಡದ್ದು ತಾವು ಮೂರನೆಯ ಸಲಕ್ಕೆ ಕೈ ಹಾಕುವ ಮೊದಲು ಎಂಬುದನ್ನೂ ಬರೆದಿದ್ದರೆ ಪತ್ರ ಪೂರ್ಣವಾಗುತ್ತಿತ್ತು.

ಇಂಜಿನ್ ಕೆಲಸದಲ್ಲಿದೆ. ಬೇಸಿಗೆಯಲ್ಲಿ ನನ್ನ ಎಲೆಕೋಸಿಗೆ ನೀರೆತ್ತುತ್ತದೆ. ಚಳಿಗಾಲದಲ್ಲಿ ಕಂಬಳಿ ಹೊದ್ದು ಮಲಗುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅದು ಕೆಟ್ಟು ನಿಂತಿಲ್ಲ. ‘ಒಂದು ದಿನವೂ’ ಎಂಬ ಮಾತನ್ನು ತಾವು ಇನ್ನೊಮ್ಮೆ ಓದಬೇಕು. ಎಪ್ಪತ್ಮೂರರಲ್ಲಿ ಸೇತುವೆಯ ಮೇಲೆ, ಕೊನೆಯ ಸುತ್ತಿನಲ್ಲಿ, ಏಳನೆಯ ಸ್ಥಾನದಲ್ಲಿದ್ದಾಗ ನಿಂತುಹೋದ ಇಂಜಿನ್, ಎಲೆಕೋಸಿನ ಮುಂದೆ ಮಾತ್ರ ಯಾಕೆ ನಿಲ್ಲುವುದಿಲ್ಲ? ಯಾಕೆಂದರೆ ಎಲೆಕೋಸು ಗೇರ್ ತಪ್ಪಿಸುವುದಿಲ್ಲ.

ಇಂಜಿನ್ ಬೇಕಾದರೆ ತಮ್ಮ ಕೈಯಾರೆ ಒಂದು ಸಾಲು ಬರೆದುಕೊಡಿ: “ಕಾರು ನಿಂತದ್ದು ಇಂಜಿನ್‌ನಿಂದಲ್ಲ, ನನ್ನ ಗೇರಿನಿಂದ.” ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ. ಮೊಳೆ ಹೊಡೆದಾಗಿದೆ.

ಇತಿ, ತಮ್ಮ ತಂಗಿಯ ಗಂಡ (ಅದು ಮಾತ್ರ ನನ್ನದೇ ತಪ್ಪು),
ಅಡೆರಿಟೊ ಮೊರಾಂವ್


ಸಂತ ಬ್ರಾಸ್ ಹಬ್ಬ, ಫೆಬ್ರವರಿ ೩

ಮಾನ್ಯರೆ,

ಗಂಡಸರು ಹೆಂಗಸರಿಗೆ ಸಕ್ಕರೆಯ ಕೊಕ್ಕೆಕೋಲು ಕೊಡುವ ದಿನ ಇದು. ನಾನು ನನ್ನ ತಂಗಿಗೆ ಕೊಟ್ಟೆ. ಅವಳು ಅದನ್ನು ಚೀಪುತ್ತಾ, “ಅಣ್ಣಾ, ನಿಮ್ಮಿಬ್ರ ಬಾಯಿಗೂ ಒಂದೊಂದು ತುರುಕ್ಬೇಕು. ಮಾತಂತೂ ಇಲ್ಲ, ಸಿಹಿನಾದ್ರೂ ಇರ್ಲಿ” ಎಂದಳು.

ತಮ್ಮ ಸಾಲಿಗೆ ಸಹಿ ಹಾಕಲು ಸಾಧ್ಯವಿಲ್ಲ. ಬದಲಿಗೆ ಇದನ್ನು ಕಳಿಸುತ್ತಿದ್ದೇನೆ, ತಾವೇ ಸಹಿ ಹಾಕಿ: “ನನ್ನ ಇಂಜಿನ್ ಸೇತುವೆಯ ಮೇಲೆ ಕೆಮ್ಮಿತು, ಸೀನಿತು, ಸತ್ತಿತು, ಚಾಲಕ ದೇವರಂಥ ಮನುಷ್ಯ.” ಮೊಳೆ ನಾನೂ ಹೊಡೆಯಬಲ್ಲೆ.

ಇತಿ,
ಫಿರ್ಮಿನೊ ತವೇರಾ


ವಿಲಾ ರಿಯಲ್, ಮಾರ್ಚ್ ೧೧

ಮಾನ್ಯರೆ,

ಎಲೆಕೋಸು ಚೆನ್ನಾಗಿ ಬಂದಿದೆ. ಇಂಜಿನ್ ಕೊಡುವುದಿಲ್ಲ.

ಅಡೆರಿಟೊ ಮೊರಾಂವ್


ಅಡುಗೆಮನೆ, ಏಪ್ರಿಲ್ ೯

ನನ್ನ ಗಂಡ ಅಡೆರಿಟೊ ಅವರಿಗೆ,

ನೀವು ಪಕ್ಕದ ಕೋಣೆಯಲ್ಲಿ ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದೀರಿ. ಎಬ್ಬಿಸಿ ಹೇಳಬಹುದಿತ್ತು. ಆದರೆ ಈ ಕುಟುಂಬದಲ್ಲಿ ಅಂಚೆಚೀಟಿ ಅಂಟಿಸದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ತಿಳಿದ ಮೇಲೆ ನಾನೂ ಅಂಚೆ ಕಚೇರಿಗೆ ಹೋಗಿ ಒಂದು ಚೀಟಿ ತಂದೆ. ಈ ಪತ್ರ ಊರೆಲ್ಲ ಸುತ್ತಿ ನಮ್ಮ ಬಾಗಿಲಿಗೇ ಬರುತ್ತದೆ. ಬರಲಿ, ಗಾಳಿ ಕುಡಿದು ಬರಲಿ.

ಈಸ್ಟರ್ ಊಟದ ದಿನ ಅಣ್ಣ ಸಾರಿನ ಸೌಟನ್ನು ಹೂದಾನಿಯೊಳಗೆ ಇಳಿಸಿದ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅವನೂ ತಮಾಷೆಗೆ ಮಾಡಿದವನಂತೆ ನಕ್ಕ. ಅದು ತಮಾಷೆ ಅಲ್ಲ. ಅವನಿಗೆ ಕಣ್ಣಿನ ನಡುವೆ ಮಬ್ಬು; ಅಂಚು ಮಾತ್ರ ಕಾಣುತ್ತದೆ. ಡಾಕ್ಟರ ಹತ್ತಿರ ನಾನೇ ನನ್ನ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೆ. ಆಗಸ್ಟ್‌ನಲ್ಲಿ ಅವನ ಲೈಸೆನ್ಸ್ ಮುಗಿಯುತ್ತದೆ. ಇನ್ನು ಹೊಸದು ಸಿಗುವುದಿಲ್ಲ. ಜುಲೈ ತಿಂಗಳ ಆ ಸುತ್ತೇ ಅವನ ಕೊನೆಯ ಸುತ್ತು. ಮುಂದೆ ದಾರಿ ತೋರಿಸುವ ಕಾರು ಇರುತ್ತದಂತೆ, ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲವಂತೆ, ಎತ್ತಿನ ಗಾಡಿಯಷ್ಟೇ ವೇಗವಂತೆ. ಅಷ್ಟಾದರೂ ಆಗಲಿ ಅಂತ ಅವನ ಆಸೆ.

“ಅಲ್ಡಿನಾ, ನಿನ್ನ ಗಂಡಂಗೆ ಹೇಳಿದ್ರೆ ನಾನು ನಿನ್ನ ಅಣ್ಣನೇ ಅಲ್ಲ” ಎಂದಿದ್ದಾನೆ. ನಾನು ಹೇಳುತ್ತಿಲ್ಲ. ಬರೆಯುತ್ತಿದ್ದೇನೆ.

ಓದಿದ ಮೇಲೆ ಒಲೆಗೆ ಹಾಕಿ. ಒಲೆ ಉರಿಯುತ್ತಿರುವಾಗಲೇ ಕೋಸನ್ನೂ ಹಾಕಿ, ತಿಂದು ತಿಂದು ಸಾಕಾಗಿದೆ.

ನಿಮ್ಮ
ಅಲ್ಡಿನಾ


ವಿಲಾ ರಿಯಲ್, ಏಪ್ರಿಲ್ ೧೪

ಮಾನ್ಯರೆ,

ಕೋಸಿಗೆ ಹುಳ ಬಿದ್ದಿದೆ. ನೀರೆತ್ತುವ ಕೆಲಸ ಸದ್ಯಕ್ಕಿಲ್ಲ. ಇಂಜಿನ್ ಸುಮ್ಮನೆ ಕೂತು ತುಕ್ಕು ಹಿಡಿಯುವುದು ನನಗೆ ಇಷ್ಟವಿಲ್ಲ. ಆದ್ದರಿಂದ, ಬೇರೆ ಯಾವ ಕಾರಣದಿಂದಲೂ ಅಲ್ಲ, ಜುಲೈಗೆ ಕೊಡುತ್ತೇನೆ. ಬಿಚ್ಚಿ, ತೊಳೆದು, ಕವಾಟಗಳನ್ನೆಲ್ಲ ತಿಕ್ಕಿ ಮತ್ತೆ ಜೋಡಿಸುತ್ತಿದ್ದೇನೆ. ಗೋಡೆಯ ಮೇಲಿನ ಮೊಳೆಗೆ ಅಲ್ಡಿನಾ ಈರುಳ್ಳಿ ಜಡೆ ತೂಗುಹಾಕಿದ್ದಾಳೆ.

ಒಂದೇ ಒಂದು ಷರತ್ತು. ಕಾರಿನಲ್ಲಿ ಎರಡನೆಯ ಸೀಟಿದೆ. ಅದರಲ್ಲಿ ನಾನು ಕೂರುತ್ತೇನೆ. ಇಂಜಿನ್ನಿನ ಸದ್ದು ಕೇಳಲು. ಹಳೆಯ ಇಂಜಿನ್, ಪಕ್ಕದಲ್ಲಿ ಮನೆಯವರೊಬ್ಬರು ಇರಬೇಕು.

ಇತಿ,
ಅಡೆರಿಟೊ


ವಿಲಾ ರಿಯಲ್, ಮೇ ೨

ಅಡೆರಿಟೊ ಅವರಿಗೆ,

ಹುಳ ಬಿದ್ದ ಕೋಸನ್ನು ನಿನ್ನೆ ನಿಮ್ಮ ಮನೆಯಲ್ಲಿ ತಿಂದೆ. ಹುಳ ಬಲು ಮರ್ಯಾದಸ್ಥ, ಒಂದು ತೂತೂ ಮಾಡಿಲ್ಲ. ಅಲ್ಡಿನಾ ಏನಾದರೂ ಹೇಳಿದಳೇ? ಹೇಳುವಂಥದ್ದು ಏನೂ ಇಲ್ಲ ಎಂದು ಮುಂಚಿತವಾಗಿ ತಿಳಿಸುತ್ತಿದ್ದೇನೆ.

ಎರಡನೆಯ ಸೀಟನ್ನು ಒಪ್ಪಿದ್ದೇನೆ. ಕೋಳಿಗಳನ್ನು ಖಾಲಿ ಮಾಡಿಸಿದೆ. ಒಂದು ಮಾತ್ರ ಚಾಲಕನ ಸೀಟನ್ನು ಬಿಟ್ಟು ಏಳಲಾರೆನೆಂದು ಹಟ ಹಿಡಿದಿತ್ತು. ಬಹುಶಃ ಅದಕ್ಕೂ ಸಮಿತಿಯಿಂದ ಆಮಂತ್ರಣ ಬಂದಿರಬೇಕು. ಈಗ ಅದೂ ಎದ್ದಿದೆ. ಬಣ್ಣ ಬಳಿದಾಗಿದೆ.

ಇಂಜಿನ್ನನ್ನು ಯಾವಾಗ ಕರೆತರುತ್ತೀರಿ? ಹೇಗೆ ನೋಡಿದರೂ ಚಿಕ್ಕದು ದೊಡ್ಡದರ ಮನೆಗೆ ಬರಬೇಕಾದದ್ದು ಪದ್ಧತಿ.

ಇತಿ,
ಫಿರ್ಮಿನೊ


ವಿಲಾ ರಿಯಲ್, ಜೂನ್ ೧೮

ಫಿರ್ಮಿನೊ ಅವರಿಗೆ,

ಚಕ್ರ ಇರುವುದು ಕಾರಿಗೆ. ಇಂಜಿನ್ನಿಗೆ ಕಾಲಿಲ್ಲ. ಉರುಳುವುದು ಉರುಳದ್ದರ ಬಳಿಗೆ ಬರಬೇಕು. ಇದರಲ್ಲಿ ಪದ್ಧತಿಯ ಮಾತೇನು ಬಂತು? ಎಪ್ಪತ್ಮೂರರಲ್ಲಿ ಇಂಜಿನ್ ನನ್ನ ಮನೆಗೆ ಬಂದದ್ದು ನನ್ನ ಬೆನ್ನಿನ ಮೇಲೆ. ಈ ಸಲ ನನ್ನ ಬೆನ್ನು ಬಗ್ಗುವುದಿಲ್ಲ. ನಾನು ಮನೆಯಲ್ಲೇ ಇರುತ್ತೇನೆ, ಗೇಟು ತೆರೆದೇ ಇರುತ್ತದೆ.

ಅಡೆರಿಟೊ


ವಿಲಾ ರಿಯಲ್, ಜೂನ್ ೨೭

ನನ್ನ ಗೇಟೂ ತೆರೆದೇ ಇರುತ್ತದೆ.

ಫಿರ್ಮಿನೊ


ಶುಕ್ರವಾರ, ಜುಲೈ ೫
(ಓಟದ ರಸ್ತೆಯ ಮೇಲಿನ ಕಾಲ್ಸೇತುವೆ ದಾಟುತ್ತಿದ್ದ ಅಲ್ಡಿನಾಳ ಕೈಯಲ್ಲಿ ಕಳಿಸಿದ್ದು)

ರೀ ಅಡೆರಿಟೊ,

ರಸ್ತೆ ಮುಚ್ಚಿದರು! ತಡೆಗೋಡೆ ಹಾಕಿ, ಬಲೆ ಕಟ್ಟಿ, ಬೀಗ ಜಡಿದಾಗಿದೆ. ನಿನ್ನೆ ಸಂಜೆಯವರೆಗೂ ನೀವು ಬರುತ್ತೀರೆಂದು ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಈಗ ನಿಮ್ಮ ಮನೆ ಓಟದ ಸುತ್ತಿನ ಒಳಗೆ, ನನ್ನದು ಹೊರಗೆ. ಕಾರು ಹೊರಗೆ, ಇಂಜಿನ್ ಒಳಗೆ. ಭಾನುವಾರ ಬೆಳಿಗ್ಗೆ ತಪಾಸಣೆ. ಬುದ್ಧಿ ಇದೆಯೇನ್ರೀ?

ಫಿ.

(ಅದೇ ಕಾಗದದ ಹಿಂಬದಿ)

ಇಲ್ಲಿ ಹುಟ್ಟಿ ಇಲ್ಲೇ ಮುದುಕರಾದವರು ನೀವು. ಶುಕ್ರವಾರ ಬೆಳಿಗ್ಗೆ ರಸ್ತೆ ಮುಚ್ಚುತ್ತಾರೆಂದು ನಮ್ಮೂರಿನ ಬೆಕ್ಕುಗಳಿಗೂ ಗೊತ್ತು. ಅವೂ ಗುರುವಾರವೇ ಕಡೆ ಬದಲಾಯಿಸುತ್ತವೆ. ನಾನೂ ಸ್ಟೂಲು ಹಾಕಿಕೊಂಡೇ ಕೂತಿದ್ದೆ. ಕಾಲ್ಸೇತುವೆಯ ಮೇಲೆ ಸಾಮಾನು ಸಾಗಿಸುವಂತಿಲ್ಲ ಎನ್ನುತ್ತಾನೆ ಕಾವಲಿನವನು. ಸುಮ್ಮನಿರಿ, ಯೋಚಿಸುತ್ತಿದ್ದೇನೆ.

ಅ.


ವಿಲಾ ರಿಯಲ್, ಜುಲೈ ೯

ಫಿರ್ಮಿನೊ ಅವರಿಗೆ,

ಇಂಜಿನ್ ದಾಟಿದ ಕತೆಯನ್ನು ತಾವು ಕೆಫೆಯಲ್ಲಿ ತಿರುಚಿ ಹೇಳುತ್ತಿದ್ದೀರೆಂದು ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ತಾವು ರಸ್ತೆಯ ಆಚೆ ಬದಿಯಲ್ಲಿದ್ದಿರಿ, ಈಚೆಯದು ತಮಗೇನು ಗೊತ್ತು?

ಓಟದ ವಾರ ನಮ್ಮ ಬಾಲ್ಕನಿಗೆ ಫ್ರಾನ್ಸಿನಿಂದ ಅಲ್ಡಿನಾಳ ಸೋದರ ಸಂಬಂಧಿಗಳು ಬರುತ್ತಾರಲ್ಲ, ಯಾರೂ ಕರೆಯದಿದ್ದರೂ ಒಂದು ವರ್ಷವೂ ತಪ್ಪಿಸದವರು? ನಾಲ್ಕು ಗಟ್ಟಿ ಭುಜಗಳು ಅಲ್ಲೇ ಇದ್ದವು. ನಮ್ಮ ಬೀದಿಯ ಗುಡಿಯಲ್ಲಿ ಸಂತ ಕ್ರಿಸ್ತೋಫರನ ಹಬ್ಬ ಇದೇ ತಿಂಗಳು. ಅವನ ಪಲ್ಲಕ್ಕಿಯನ್ನು ಒರೆಸಿ ಹೊಳಪು ಕೊಟ್ಟು ಇಟ್ಟಿದ್ದರು. ಸಾಮಾನು ಸಾಗಿಸಬಾರದು, ಸರಿ. ಮೆರವಣಿಗೆ?

ಪಾದ್ರಿಗಳ ಹತ್ತಿರ ಹೋದೆ. “ಸಂತ ಕ್ರಿಸ್ತೋಫರ ಡ್ರೈವರುಗಳ ದೇವರು ತಾನೆ ಫಾದರ್?” ಎಂದೆ.

“ಹೌದು. ಅದಕ್ಕೆ?”

“ಅವನ ಪಲ್ಲಕ್ಕೀನ ಒಂದು ಗಳಿಗೆ ಡ್ರೈವರ್ ಕೆಲಸಕ್ಕೇ ಕೊಡಿ ಅಂತ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅಡೆರಿಟೊ, ಗಂಟೆ ಹೊಡೆಸೋದಿಲ್ಲ. ಧೂಪ ಹಾಕೋದಿಲ್ಲ. ಎಣ್ಣೆ ಸೋರಿದ್ರೆ ಕಸೂತಿ ಬಟ್ಟೆ ನೀನೇ ಒಗೀಬೇಕು.”

ಇಂಜಿನ್ನನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಬಿಳಿ ಬಟ್ಟೆ ಹೊದಿಸಿದೆವು. ಕಾಲ್ಸೇತುವೆಯ ಕಾವಲಿನವನು ಮೊದಲು ಕೈ ಅಡ್ಡ ಹಿಡಿದ. ಮತ್ತೆ ಪಲ್ಲಕ್ಕಿ ನೋಡಿ ಟೋಪಿ ತೆಗೆದ. “ಮೆರವಣಿಗೆ ತಡೆಯೋಕೆ ನಂಗೆ ಅಧಿಕಾರ ಇಲ್ಲಪ್ಪ. ನಮ್ಮಮ್ಮ ಮನೆಗೇ ಸೇರ್ಸಲ್ಲ.” ಕೆಳಗೆ ಸ್ಪೋರ್ಟ್ಸ್ ಕಾರುಗಳು ಅಭ್ಯಾಸದ ಸುತ್ತಿನಲ್ಲಿ ಗುಡುಗುತ್ತಾ ಹೋಗುತ್ತಿದ್ದವು, ಮೇಲೆ ನಮ್ಮ ಮೆರವಣಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಿತ್ತು. ಬಾಲ್ಕನಿಗಳಲ್ಲಿ ಜನ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬ ಮುದುಕಿ ಮಂಡಿಯೂರಿ, ಮೊಮ್ಮಗಳ ಮದುವೆಗೆಂದು ಹರಕೆ ಹೊತ್ತಳು. ನನಗೇ ಗೊತ್ತಿಲ್ಲದೆ ನಾನೂ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಹಿಂದೆ ನಡೆಯುತ್ತಿದ್ದೆ.

ಆಚೆ ಬದಿಯಲ್ಲಿ ತಾವೂ ಟೋಪಿ ತೆಗೆದು ನಿಂತಿದ್ದಿರಿ. ಇದನ್ನು ಮಾತ್ರ ತಾವು ಕೆಫೆಯಲ್ಲಿ ಹೇಳುತ್ತಿಲ್ಲವಂತೆ.

ಬಟ್ಟೆಯ ಎಣ್ಣೆ ಕಲೆ ಇನ್ನೂ ಹೋಗಿಲ್ಲ.

ಅಡೆರಿಟೊ


ವಿಲಾ ರಿಯಲ್, ಜುಲೈ ೧೩

ಭಾವ,

ಟೋಪಿ ತೆಗೆದದ್ದು ಸೆಕೆಗೆ.

ನಿಮ್ಮ ಕತೆ ಅಲ್ಲಿಗೇ ನಿಂತಿದೆ. ಭಾನುವಾರದ್ದನ್ನು ಬರೆಯುವ ಧೈರ್ಯ ನಿಮಗೆ ಬಂದ ಹಾಗಿಲ್ಲ. ಆದ್ದರಿಂದ ನಾನು ಬರೆಯುತ್ತೇನೆ.

ಹೆಲ್ಮೆಟ್ಟಿನೊಳಗಿನಿಂದ ಕೂಗಿದ್ದನ್ನು ಮಾತು ಎಂದು ಲೆಕ್ಕ ಹಿಡಿಯಬಾರದು ಎನ್ನುವುದು ಮೊದಲು ಇತ್ಯರ್ಥವಾಗಲಿ. ನಾವು ಮಾತಾಡಿಲ್ಲ.

ಇಂಜಿನ್ ಎತ್ತಿ ಕೂರಿಸಿದಿರಿ, ಕೂತಿತು. ಕೀಲಿ ತಿರುಗಿಸಿದೆ, ಎದ್ದಿತು. ದಾರಿ ತೋರಿಸುವ ಕಾರು ಹೊರಟಿತು, ನಾವೂ ಹೊರಟೆವು. ನೂರು ಗಜ ಹೋಗಿರಲಿಲ್ಲ, ನೀವು ಶುರು ಮಾಡಿದಿರಿ:

“ಭಾವಾ, ಇಂಜಿನ್ ಸದ್ದು ಯಾಕೋ ಎಡಕ್ಕೆ ಎಳೀತಿದೆ!”

ಎಡಕ್ಕೆ ತಿರುಗಿಸಿದೆ. ಎಡಕ್ಕೆ ತಿರುವಿತ್ತು.

“ಈಗ ಬಲಕ್ಕೆ ಬಂತು ನೋಡಿ ಸದ್ದು! ಇನ್ನೂ ಬಲಕ್ಕೆ! ಅಯ್ಯೋ, ಜಾಸ್ತಿ ಆಯ್ತು, ನಡುಮಧ್ಯಕ್ಕೆ ಬರ್ಲಿ ಸದ್ದು!”

ಮತೇಉಸ್ ಇಳಿಜಾರಿನಲ್ಲಿ, “ಸದ್ದು ಗೋಡೆ ಹತ್ರ ಹೋಗ್ತಿದೆ, ಗೋಡೆ, ಗೋಡೆ, ರೀ ಗೋಡೆ!” ಎಂದಿರಿ. ನಾನು ಈ ಬೀದಿಗಳಲ್ಲಿ ಹುಡುಗನಾಗಿದ್ದಾಗಿನಿಂದ ಇಂಜಿನ್ ಕೇಳುತ್ತಿದ್ದೇನೆ. ಎಡಕ್ಕೆ ಎಳೆಯುವ ಸದ್ದನ್ನಾಗಲಿ, ಗೋಡೆಯ ಹತ್ತಿರ ಹೋಗುವ ಸದ್ದನ್ನಾಗಲಿ ಎಲ್ಲೂ ಕೇಳಿಲ್ಲ. ಇಂಜಿನ್ ಕಟ್ಟಿದ ನೀವೂ ಕೇಳಿಲ್ಲ.

ಬಾಲ್ಕನಿಗಳೆಲ್ಲ ಕೈ ಬೀಸುತ್ತಿದ್ದವಂತೆ. ನನಗೆ ಕಂಡದ್ದು ಅಂಚಿನಲ್ಲಿ ಬಣ್ಣಗಳು, ಅಷ್ಟೇ. ನಡುವೆ ಹೊಗೆ ತುಂಬಿದ ಕೋಣೆ. ಆದರೂ ಒಂದು ಸುತ್ತು ಪೂರ್ತಿ ಬಂದೆ, ಗೆರೆ ದಾಟಿದೆ. ದಾಟಿದ ಮೇಲೂ ಸ್ಟೀರಿಂಗ್ ಬಿಡಲು ಕೈ ಬರಲಿಲ್ಲ. ನೀವೇ ಪಕ್ಕದಿಂದ ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದಿರಿ.

ನನ್ನ ತಂಗಿಗೆ ಹೇಳಿ: ಅವಳಿನ್ನು ನನ್ನ ತಂಗಿಯಲ್ಲ. ಬರುವ ಭಾನುವಾರ ಊಟಕ್ಕೆ ಏನು ಮಾಡುತ್ತಿದ್ದಾಳೆ ಎಂದೂ ಕೇಳಿ.

ಫಿರ್ಮಿನೊ


ವಿಲಾ ರಿಯಲ್, ಆಗಸ್ಟ್ ೨೦

ಭಾವ,

ಲೈಸೆನ್ಸನ್ನು ನಾನೇ ಹೋಗಿ ಹಿಂದಿರುಗಿಸಿದೆ. ಅವಧಿ ಮುಗಿಯುವವರೆಗೆ ಕಾಯಲಿಲ್ಲ. ಕೌಂಟರಿನ ಹುಡುಗಿ, “ಯಾಕೆ ತಾತಾ, ಬೇಸರ ಆಯ್ತಾ ಓಡ್ಸಿ?” ಎಂದಳು. “ಇಲ್ಲಮ್ಮ, ರಸ್ತೆಗೇ ನನ್ನ ಮೇಲೆ ಬೇಸರ ಆಗಿದೆ” ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಯಾರಿಗೂ ಹೇಳಬೇಡ.

ಅಂಬರಗುಬ್ಬಿಯನ್ನು ಮತ್ತೆ ಎರಡು ಮಾಡುವುದು ಬೇಡ. ಒಂದಾಗಿಯೇ ಇರಲಿ, ನಿನ್ನ ಮನೆಯಲ್ಲೇ ಇರಲಿ. ಕೋಳಿಗಳು ನಿಟ್ಟುಸಿರು ಬಿಟ್ಟವು. ಆದರೆ ಕಾರು ನಿಂತೇ ಇದ್ದರೆ ಸಾಯುತ್ತದೆ. ಇನ್ನು ಮೇಲೆ ಅದನ್ನು ನೀನೇ ಓಡಿಸು. ನಾನು ಪಕ್ಕದಲ್ಲಿ ಕೂರುತ್ತೇನೆ.

ನಿನ್ನ,
ಫಿರ್ಮಿನೊ


ವಿಲಾ ರಿಯಲ್, ಆಗಸ್ಟ್ ೨೬

ಭಾವ,

ನನಗೆ ಓಡಿಸಲು ಬರುವುದಿಲ್ಲ. ನಗಬೇಡ. ಕಲಿಯಲು ಹೋದಾಗ ಮೊದಲ ದಿನವೇ ತಲೆ ಸುತ್ತಿತು. ಇಂಜಿನ್ ಹೊರಗಿದ್ದರೆ ನನಗೆ ಹೆದರಿಕೆಯಿಲ್ಲ, ಅದು ಎಳೆಯುವ ಕಾರಿನೊಳಗೆ ನಾನಿದ್ದರೆ ಇಳಿದು ಓಡಬೇಕೆನಿಸುತ್ತದೆ. ಆ ಭಾನುವಾರ ನಾನು ಅಷ್ಟು ಕೂಗಿದ್ದು ಪೂರ್ತಿ ನಿನಗಾಗಿಯೇ ಅಲ್ಲ.

ಇಲ್ಲದಿದ್ದರೆ ಹಿಂದೆ ಕಾರು ಕಟ್ಟಿದ ನಾನು ಓಡಿಸುವವನನ್ನು ಹುಡುಕಿಕೊಂಡು ನಿನ್ನ ಮನೆಗೆ ಯಾಕೆ ಬರುತ್ತಿದ್ದೆ? ಬಂದದ್ದರಿಂದ ಅಲ್ಡಿನಾ ಸಿಕ್ಕಳು, ಅದು ಲಾಭ. ನೀನೂ ಸಿಕ್ಕಿದೆ.

ಅಂತೂ ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಧೈರ್ಯವಿಲ್ಲ. ಕಾರಿಗೆ ಕಂಬಳಿ ಹೊದಿಸಿ ಇಡೋಣ. ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡಿ ಇಬ್ಬರೂ ಪಕ್ಕದಲ್ಲಿ ನಿಂತು ಕೇಳೋಣ. ಇನ್ನೇನು ಮಾಡುವುದು? ಬೇರೆ ಯಾರಿದ್ದಾರೆ?

ನಿನ್ನ,
ಅಡೆರಿಟೊ


ಭಾನುವಾರ, ಸೆಪ್ಟೆಂಬರ್ ೧
(ಊಟದ ಮೇಜಿನ ಮೇಲೆ, ತಟ್ಟೆಯ ಕೆಳಗೆ)

ಅಣ್ಣನಿಗೂ ಗಂಡನಿಗೂ, ಇಬ್ಬರಿಗೂ ಸೇರಿ ಒಂದೇ ಪತ್ರ,

‘ಬೇರೆ ಯಾರಿದ್ದಾರೆ?’ ಎಂಬ ಪ್ರಶ್ನೆಯನ್ನು ಓದಿದೆ. ಲಕೋಟೆ ಅಂಟಿಸಲು ನನ್ನ ಕೈಗೇ ಕೊಟ್ಟಿದ್ದಿರಿ.

ಮದುವೆಯಾದಾಗಿನಿಂದ ನಾನು ಮುಂಜಾನೆ ಎದ್ದು ಮಾಂಸದ ಕಡುಬು ಬೇಯಿಸಿ, ವ್ಯಾನಿಗೆ ತುಂಬಿ, ಇದೇ ಬೀದಿಗಳಲ್ಲಿ ಅಂಗಡಿ ಅಂಗಡಿಗೆ ಹಂಚಿಕೊಂಡು ಬರುತ್ತಿದ್ದೇನೆ. ಹಾಗೆ ಎಷ್ಟು ಸುತ್ತು ಬಂದಿದ್ದೇನೋ ದೇವರೇ ಬಲ್ಲ. ಕಡುಬು ಮುರಿಯದ ಹಾಗೆ ತಿರುವು ದಾಟಬೇಕು, ಬಿಸಿ ಆರುವುದರೊಳಗೆ ತಲುಪಬೇಕು. ನನಗಾರೂ ಬಾವುಟ ಬೀಸಿಲ್ಲ, ಬಿಡಿ.

ಬೆಳಿಗ್ಗೆ ಅಂಬರಗುಬ್ಬಿಯನ್ನು ತೆಗೆದುಕೊಂಡು ಹೋಗಿ ಒಂದು ಸುತ್ತು ಹಾಕಿ ಬಂದೆ. ನೀವಿಬ್ಬರೂ ಪೂಜೆಗೆ ಹೋಗಿದ್ದಿರಿ. ಸೀಟು ಹಿಂದಕ್ಕೆ ತುಂಬಾ ವಾಲುತ್ತದೆ, ದಿಂಬು ಇಟ್ಟುಕೊಂಡೆ. ತಿರುವಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದು ನಿಲ್ಲಿಸಿದ. “ದೊನಾ ಅಲ್ಡಿನಾ, ಇವತ್ತು ಕಡುಬು ಎಲ್ಲಿ?” ಎಂದ. “ಇವತ್ತು ನಾನೊಬ್ಳೇ ಕಣಪ್ಪ” ಎಂದೆ. ಬಿಟ್ಟ.

ಮೇಕೆ ಒಲೆಯಲ್ಲಿದೆ. ಬೆಂದಿದೆಯೋ ಇಲ್ಲವೋ ಒಬ್ಬರನ್ನೊಬ್ಬರು ಕೇಳಿ ತೀರ್ಮಾನಿಸಿ. ಒಲೆಗೆ ಅಂಚೆ ಬರುವವರೆಗೆ ಕಾಯುವ ತಾಳ್ಮೆಯಿಲ್ಲ. ಪಕ್ಕದ ಸೀಟು ಒಂದೇ ಇರುವುದರಿಂದ ಅದರಲ್ಲಿ ಯಾರು ಕೂರಬೇಕು ಎಂಬ ಜಗಳ ಈಗಾಗಲೇ ಶುರುವಾಗಿರಬೇಕು. ಚೆನ್ನಾಗಿ ಆಡಿ, ಗಟ್ಟಿಯಾಗಿ ಆಡಿ.

ನಾನು ಮತ್ತೆ ಹೊರಟೆ. ಬೆಟ್ಟ ಇಳಿದು ನದಿಯವರೆಗೂ ಹೋಗಬೇಕು ಅನ್ನಿಸಿದೆ. ಟ್ಯಾಂಕು ತುಂಬಿಸಿದ್ದೇನೆ.

ಊಟಕ್ಕೆ ನನ್ನನ್ನು ಕಾಯಬೇಡಿ.

ಅಲ್ಡಿನಾ